ಹೊನ್ನೂರಿನ ಮಿಲ್ಲು ಯಳಂದೂರಿಗೆ ಹೋದದ್ದು

ಹೊನ್ನೂರಿನಲ್ಲಿ ಶಿವರತ್ನಮ್ಮ ಎಂದು ಕೇಳಿದರೆ ಪಕ್ಕದ ಬೀದಿಯವರೂ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಮಿಲ್ಲಮ್ಮ ಎಂದರೆ ಸಾಕು, ಸಣ್ಣ ಕೂಸೂ ಕೈ ತೋರಿಸುತ್ತದೆ. ಊರ ಮುಂದಿನ ಹಿಟ್ಟಿನ ಗಿರಣಿಯನ್ನು ಗಂಡ ಶಿವರುದ್ರಸ್ವಾಮಿಯ ಜೊತೆ ನಡೆಸಿಕೊಂಡು ಬಂದು ಅವಳಿಗೆ ತಲೆ ನರೆತಿತ್ತು. ಆ ಸದ್ದಿಗೆ ಗಂಡನ ಕಿವಿ ಮಂದವಾಯಿತು, ಹೆಂಡತಿಯ ದನಿ ದೊಡ್ಡದಾಯಿತು. ಅವಳು ಗುಟ್ಟು ಹೇಳಿದರೂ ಅರ್ಧ ಬೀದಿಗೆ ಕೇಳುತ್ತಿತ್ತು.

ಅವಳು ಮಾಂಬಳ್ಳಿಯಿಂದ ಮದುವೆಯಾಗಿ ಬಂದ ವರ್ಷವೇ ಗಿರಣಿಯೂ ಬಂದದ್ದು. ಕೊಳ್ಳೇಗಾಲದಿಂದ ಎರಡು ಎತ್ತಿನ ಗಾಡಿ ಹೊರಟಿದ್ದವು, ಒಂದರಲ್ಲಿ ಡೀಸೆಲ್ ಎಂಜಿನ್ನು, ಇನ್ನೊಂದರಲ್ಲಿ ಬೀಸುವ ಕಲ್ಲು. ಕಾಲುವೆ ಏರಿ ಹತ್ತುವಾಗ ಎತ್ತು ಮುಗ್ಗರಿಸಿತು. ಕಬ್ಬು ಕಡಿಯುತ್ತಿದ್ದವರೆಲ್ಲ ಮಚ್ಚು ಬಿಸಾಕಿ ಓಡಿ ಬಂದು ಗಾಡಿಗೆ ಹೆಗಲು ಕೊಟ್ಟರು. ಅಷ್ಟೂ ಜನಕ್ಕೆ ಅತ್ತೆ ಅವತ್ತು ಪಾಯಸ ಕಾಯಿಸಿದರು. ಹೊಸ ಸೊಸೆ ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದಳು. ಸಾಮಾನು ಸಾಗಿಸೋಕೆ ಯಾರು ನಂಬಿಕಸ್ತರು ಎಂಬ ಮಾತೇ ಆಗ ಹುಟ್ಟಲಿಲ್ಲ. ಊರೇ ಸಾಗಿಸಿತು.

ಈಗ ರಸ್ತೆ ಅಗಲ ಮಾಡುತ್ತಾರಂತೆ, ಗಿರಣಿಯ ಅರ್ಧ ಹೋಗುತ್ತದಂತೆ ಎಂಬ ಸುದ್ದಿ ಬಂದು, ಸುದ್ದಿ ನಿಜವೂ ಆಯಿತು. ಯಳಂದೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಸಿಕ್ಕಿತು. ಆದರೆ ಮಿಲ್ಲನ್ನು ಅಲ್ಲಿಗೆ ಮುಟ್ಟಿಸುವವರು ಯಾರು? ಅಂದು ಹೆಗಲು ಕೊಟ್ಟವರಲ್ಲಿ ಕೆಲವರು ಮಣ್ಣಾಗಿದ್ದರು, ಉಳಿದವರ ಬೆನ್ನು ಬಾಗಿತ್ತು. ಅವರ ಮಕ್ಕಳು ಬೆಳಗಾದರೆ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದರು.

ಮೈದುನನ ಮಗ ಬಸವಕುಮಾರ್ ಫೋನಿನಲ್ಲೇ ಒಂದು ಕಂಪನಿಯನ್ನು ಹುಡುಕಿ ಕರೆಸಿದ. ಕಂಪನಿಯ ಹೆಸರು ಬರೆದ ಅಂಗಿ ತೊಟ್ಟವನೊಬ್ಬ ಬಂದು, ಹೊಸ್ತಿಲ ಆಚೆಯೇ ನಿಂತು ಫೋಟೋ ಹೊಡೆದುಕೊಂಡ. ಒಳಗೆ ಮೆಣಸಿನಪುಡಿಯ ಘಾಟಿತ್ತು. ಸೀನಿ ಸೀನಿ ಅವನ ಕಣ್ಣಲ್ಲಿ ನೀರು ಬಂತು.

"ಇದುವರ್ಗೂ ಯಾರ ಮಿಲ್ಲು ಸಾಗ್ಸಿದ್ದೀರಪ್ಪ? ಅವರ ಮನೆ ಯಾವ್ದು ಯೋಳಿ, ಓಗಿ ಕೇಳ್ಕಂಡು ಬತ್ತೀನಿ" ಎಂದಳು ಶಿವರತ್ನಮ್ಮ.

"ಅದೆಲ್ಲ ಯಾಕೆ ಮೇಡಂ? ಆನ್‌ಲೈನಲ್ಲಿ ನಮಗೆ ನಾಲ್ಕೂವರೆ ಸ್ಟಾರ್ ಇದೆ."

ಅವಳು ಒಪ್ಪದೆ ಅವನನ್ನು ಕಳಿಸಿಬಿಟ್ಟಿದ್ದಕ್ಕೆ ಬಸವಕುಮಾರ್ ಮುಖ ಊದಿಸಿಕೊಂಡ. ಶಿವರತ್ನಮ್ಮ ಅವನಿಗೆ ಕಾಫಿ ಕೊಡುತ್ತಾ, "ಎಣ್ಣಿನ ಮನೆಯೋರ್ನೇ ಕೇಳುದ್ರ ನಮ್ಮುಡುಗಿ ಬಂಗಾರ ಅಂತರ ಕಣ್ಲಾ. ಆ ಮನೇಲಿ ಎಣ್ಣು ತಂದಿರೋರ್ನ ಕೇಳ್ಬೇಕು" ಎಂದಳು.

ಮುಂದಿನ ಸೋಮವಾರ ತಾನೇ ಕೊಳ್ಳೇಗಾಲಕ್ಕೆ ಹೋದಳು. ಲಾರಿಗಳು ನಿಲ್ಲುವ ಕಡೆ ವಿಚಾರಿಸಿದಾಗ ನಾಗರಾಜು ಎಂಬವನ ಹೆಸರು ಹೇಳಿದರು. ಸ್ವಂತದ್ದೊಂದು ಮಿನಿ ಲಾರಿ, ನಾಲ್ಕು ಜನ ಆಳು, ಒಂದು ಸಣ್ಣ ಮಳಿಗೆ. ಹೆಂಡತಿ ಪ್ರೇಮಾ ಅಲ್ಲೇ ಕೂತು ಫೋನು ನೋಡಿಕೊಳ್ಳುತ್ತಿದ್ದಳು. ಶಿವರತ್ನಮ್ಮ ಅದೇ ಪ್ರಶ್ನೆ ಕೇಳಿದಳು.

ನಾಗರಾಜು ತಲೆ ಕೆರೆದುಕೊಂಡು, "ಇಲ್ಲೇ ಹಿಂದ್ಗಡೆ ಬೀದೀಲಿ ಹನುಮಯ್ಯ ಮೇಷ್ಟ್ರು ಮನೆ ಸಾಮಾನು ಸಾಗ್ಸಿದ್ವಿ, ಅವರ್ನ ಕೇಳಿ. ಆಮೇಲೆ ಅಜ್ಜೀಪುರದಲ್ಲಿ ಚಿಕ್ಕಮಾದಮ್ಮ ಅಂತ ಅವ್ರೆ. ಅಲ್ಲಿ ನಮ್ಮಿಂದ ಒಂದು ತಪ್ಪಾಗೋಯ್ತು. ಅವರ್ನೂ ಕೇಳ್ಬುಡಿ" ಎಂದ.

ಪ್ರೇಮಾ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು. ಮೇಷ್ಟರ ಮನೆ ಹತ್ತಿರದಲ್ಲಿತ್ತು. ಶಿವರತ್ನಮ್ಮ ಅಲ್ಲಿಗೆ ಹೋಗದೆ ನೇರ ಅಜ್ಜೀಪುರದ ಮೇಲೆ ಹೋಗುವ ಬೆಟ್ಟದ ಬಸ್ಸು ಹತ್ತಿದಳು. ಹನೂರು ದಾಟುವಾಗ ಕಿಟಕಿಯ ಗಾಳಿಗೆ ಸಣ್ಣಗೆ ಜೊಂಪು ಹತ್ತಿ, ಕಂಡಕ್ಟರು "ಅಜ್ಜೀಪುರ" ಎಂದು ಕೂಗಿದಾಗ ದಡಬಡಿಸಿ ಇಳಿದಳು.

ಚಿಕ್ಕಮಾದಮ್ಮನದು ಹೋದ ವರ್ಷ ಕಟ್ಟಿದ ಮನೆ. ಮುಂದೆ ನುಗ್ಗೆ ಗಿಡ. ಶಿವರತ್ನಮ್ಮ ಗೇಟಿನ ಬಳಿ ನಿಂತು, "ಯಾರವ್ವಾ ಒಳಗೆ?" ಎಂದಳೋ ಇಲ್ಲವೋ, ತನಗಿಂತ ತುಸು ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಹಾಗೇ ನಿಂತುಬಿಟ್ಟಳು.

"ಈ ದನಿ ನಂಗೊತ್ತು! ವೊನ್ನೂರು ಮಿಲ್ಲಮ್ಮ ಅಲ್ವಾ ನೀವು? ನಾನು ಕಣ್ರಮ್ಮ, ಕೆಳಗಿನ ಬೀದಿ ನಾಗಯ್ಯನ ಮಗಳು. ಮದ್ವೆ ಆಗೋಗಂಟ ನಿಮ್ಮ ಮಿಲ್ಲಿಗೇ ರಾಗಿ ತತ್ತಿದ್ದೆ."

ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಂದೊಂದೇ ಬಂತು. ಎರಡು ಜಡೆಯ ತೆಳ್ಳಗಿನ ಹುಡುಗಿ. ಚಳಿಗಾಲದ ಬೆಳಗ್ಗೆ ಬಿಸಿ ಹಿಟ್ಟಿನ ಚೀಲವನ್ನು ತಲೆ ಮೇಲೆ ಇಡದೆ ಎದೆಗೆ ಅವುಚಿಕೊಂಡು ಹೋಗುತ್ತಿದ್ದವಳು.

"ಬೆಚ್ಚಗಿರ್ತಿತ್ತು ಕಣ್ರಮ್ಮ, ಕರುನ ತಬ್ಕಂಡಂಗೆ" ಎಂದು ಚಿಕ್ಕಮಾದಮ್ಮ ನಕ್ಕಳು. ಎಂಜಿನ್ನಿನ ಟುಕ್ ಟುಕ್ ಸದ್ದು ಗದ್ದೆ ಬಯಲಿನವರೆಗೂ ಕೇಳುತ್ತಿದ್ದುದು, ಅದು ನಿಂತರೆ ಹೆಂಗಸರು ನಾಟಿ ಮಾಡುತ್ತಲೇ "ಡೀಸೆಲ್ ಮುಗೀತು" ಎನ್ನುತ್ತಿದ್ದುದು, ಯುಗಾದಿಗೆ ಮೊದಲು ಮೆಣಸಿನಕಾಯಿ ಬೀಸುವ ದಿನ ಇಡೀ ಬೀದಿಯೇ ಸೀನುತ್ತಿದ್ದುದು, ಎಲ್ಲ ಬಂತು. ಆಡುತ್ತಾ ಆಡುತ್ತಾ ಚಿಕ್ಕಮಾದಮ್ಮ ಅದೇ ದನಿಯಲ್ಲಿ ಅಂದಳು: "ನಮ್ಮ ಬೀದಿಯೋರ ಚೀಲ ಜಗಲಿ ಕೆಳಗೇ ಇಡ್ಬೇಕಿತ್ತು. ಬಿಸಿಲು ನೆತ್ತಿಗೆ ಬಂದ ಮ್ಯಾಲೆ ನಮ್ಮ ಸರದಿ."

ಮಳೆ ಬಂದದ್ದು, ಬಿಸಿಲು ಹೊಡೆದದ್ದು ಹೇಳುವ ಹಾಗೆ ಹೇಳಿದ್ದಳು. ಶಿವರತ್ನಮ್ಮನ ದೊಡ್ಡ ದನಿ ಹೊರಡಲಿಲ್ಲ. "ಹೂಂ ಕಣವ್ವ, ಇತ್ತು" ಎಂದಳು. ನುಗ್ಗೆ ಗಿಡದಲ್ಲಿ ಅಳಿಲು ಕಿಚಗುಡುತ್ತಿತ್ತು.

"ಕಾಪಿ... ಕುಡೀತೀರಾ?" ಚಿಕ್ಕಮಾದಮ್ಮ ಅಳುಕುತ್ತಾ ಕೇಳಿದಳು.

"ಕೊಡವ್ವ. ಸಕ್ಕರೆ ಮುಂದಾಗಿರ್ಲಿ."

ಕಾಫಿ ಕುಡಿದ ಮೇಲೆ ಬಂದ ಕೆಲಸ ನೆನಪಾಯಿತು. ನಾಗರಾಜುವಿನ ಮಾತೆತ್ತಿದಾಗ ಚಿಕ್ಕಮಾದಮ್ಮ ಕೈ ಹಿಡಿದು ಒಳಕೋಣೆಗೆ ಕರೆದೊಯ್ದಳು. ಅಲ್ಲಿ ಕನ್ನಡಿ ಇರುವ ಬೀರು.

"ಮಗ ಕೊಟ್ಟ ಬೀರು. ಕೊಳ್ಳೇಗಾಲದಿಂದ ಬರೋವಾಗ ಕನ್ನಡಿ ಬಿರುಕು ಬುಟ್ಟೋಯ್ತು. ಮ್ಯಾಲೆ ಜಮಖಾನ ಸುತ್ತಿತ್ತು, ಇಳಿಸಿ ಓಗ್ಬುಟ್ಟಿದ್ರ ನಂಗೇನು ಕಾಣ್ತಿತ್ತಾ? ಅವ್ನೇ ಬಿಚ್ಚಿ, ಕರ್ದು ತೋರುಸ್ದ. ನಾನು ಬಾಯಿಗೆ ಬಂದಂಗೆ ಬಯ್ದೆ. ತಲೆ ಬಗ್ಗಿಸ್ಕಂಡು ನಿಂತಿದ್ದ. ಆಮೇಲೆ ಹೊಸ ಕನ್ನಡಿ ತಂದು ಆಕ್ದ. ಆದ್ರ ಇದ್ರಲ್ಲಿ ನೋಡ್ರಮ್ಮ, ಮೊಕ ಉದ್ದಾ ಕಾಣ್ತದೆ!"

ಶಿವರತ್ನಮ್ಮ ಬಗ್ಗಿ ನೋಡಿದಳು. ನಿಜ, ಇಬ್ಬರ ಮುಖವೂ ಸೋರೆಕಾಯಿಯ ಹಾಗೆ ಕಾಣುತ್ತಿತ್ತು. ಚಿಕ್ಕಮಾದಮ್ಮ ಹಲ್ಲು ಕಿರಿದು ತೋರಿಸಿದಳು. ಅದನ್ನು ಕಂಡು ಶಿವರತ್ನಮ್ಮನಿಗೆ ನಗು ಬಂತು. ಇಬ್ಬರು ಮುದುಕಿಯರೂ ಕನ್ನಡಿಯ ಮುಂದೆ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ವಾಪಸ್ಸು ಬರುವಾಗ ಕೊಳ್ಳೇಗಾಲದಲ್ಲಿ ಇಳಿದು, "ನೀವೇ ಬನ್ರಪ್ಪ" ಎಂದು ನಾಗರಾಜುವಿಗೆ ಹೇಳಿದಳು. "ಏನಂದ್ರು ಅಲ್ಲಿ?" ಎಂದು ಪ್ರೇಮಾ ಆತಂಕದಿಂದ ಕೇಳಿದಳು. "ಬಯ್ದ್ರು" ಎಂದಳು ಶಿವರತ್ನಮ್ಮ. "ಅವರು ಬಯ್ದಿದ್ದು ಕೇಳೇ ಧೈರ್ಯ ಬಂತು."

ಹೇಳಿದ ದಿನ ನಾಗರಾಜು ಆಳುಗಳ ಜೊತೆ ಬಂದ. ಬಂದವನು ಮೊದಲು ಗಿರಣಿಯ ಸುತ್ತ ಒಂದು ಸುತ್ತು ಬಂದು, ಯಾವುದನ್ನು ಮೊದಲು ಬಿಚ್ಚಬೇಕೆಂದು ಶಿವರುದ್ರಸ್ವಾಮಿಯನ್ನೇ ಕೇಳಿದ. ಕಿವಿ ಕೇಳದ ಮನುಷ್ಯನಿಗೆ ಕೈಸನ್ನೆಯಲ್ಲೇ ತಿಳಿಯಿತು. ಬಹಳ ದಿನದಿಂದ ಮಂಕಾಗಿದ್ದವನು ಎದ್ದು ನಿಂತು, ಸ್ಪ್ಯಾನರ್ ಹಿಡಿದು ಬೆಲ್ಟು ಸಡಿಲಿಸಿದ. ಕಲ್ಲುಗಳಿಗೆ ಶಿವರತ್ನಮ್ಮ ಹಳೆಯ ಕೌದಿ ಕೊಟ್ಟಳು. ಹಲಗೆ ಇಟ್ಟು, ಹಗ್ಗ ಹಾಕಿ, ಬಾಣಂತಿಯನ್ನು ಕೂರಿಸುವಷ್ಟು ನಾಜೂಕಾಗಿ ಲಾರಿಗೆ ಏರಿಸಿದರು. ಲಾರಿ ಹೊರಟಾಗ ಶಿವರುದ್ರಸ್ವಾಮಿ ಮುಂದೆ ಕೂರಲು ಒಪ್ಪದೆ, ಹಿಂದೆ ಕಲ್ಲಿನ ಪಕ್ಕದಲ್ಲೇ ಕೂತು ಹೋದ.

ಖಾಲಿ ಗಿರಣಿಯನ್ನು ಶಿವರತ್ನಮ್ಮ ಗುಡಿಸಿದಳು. ಎಷ್ಟು ಗುಡಿಸಿದರೂ ಗೋಡೆಯ ಬಿಳಿ ಹೋಗಲಿಲ್ಲ. ಜೇಡರ ಬಲೆಗಳೂ ಹಿಟ್ಟು ಹಿಡಿದು ದಾರದಷ್ಟು ದಪ್ಪವಾಗಿದ್ದವು. ಆ ಮೌನದಲ್ಲಿ ತಾನೇ ಕೆಮ್ಮಿದ್ದು ಕೇಳಿ ಬೆಚ್ಚಿದಳು.

ಯಳಂದೂರಿನಲ್ಲಿ ಮಿಲ್ಲು ಏನೊಂದೂ ಮುಕ್ಕಾಗದೆ ಕೂತಿತು. ಆದರೆ ಅಲ್ಲಿ ಜನ ಚೀಲ ಇಟ್ಟು, ಸ್ಕೂಟರ್ ಹತ್ತಿ ಹೊರಟುಬಿಡುತ್ತಾರೆ. ಕೂತು ಮಾತಾಡುವವರಿಲ್ಲ. ಮೊದಲ ವಾರ ಅವಳಿಗೆ ಸಂಜೆಯಾಗುವುದೇ ಕಷ್ಟವಾಯಿತು.

ಎರಡನೇ ವಾರ ಹೊನ್ನೂರಿನ ಆಟೋ ಬಂದು ಮಳಿಗೆಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಬರೀ ಚೀಲಗಳು. ಆಟೋದವನು ಇಳಿಸುತ್ತಾ, "ಯಾರ್ದು ಯಾವ್ದು ಅಂತ ಯೋಳಿದ್ರು, ಮರ್ತೋಯ್ತು ಕಣಮ್ಮ" ಎಂದು ತಲೆ ಚಚ್ಚಿಕೊಂಡ.

ಶಿವರತ್ನಮ್ಮ ಕೆಳಗೆ ಕೂತು ಒಂದೊಂದೇ ಚೀಲದ ಬಾಯಿ ಸವರಿದಳು. ಬಾಳೆನಾರಿನ ಕಟ್ಟು ಶಿವಮಲ್ಲಪ್ಪನ ಮನೆಯದು. ಸೀರೆ ಅಂಚಿನ ಗಂಟು ಅವನ ಪಕ್ಕದ ಮನೆಯ ಮಾಲಿನಿಯದು. ಇನ್ನೊಂದರ ಗಂಟನ್ನೂ ಗುರುತು ಹಿಡಿದು ಬಿಚ್ಚಿ, ನಾಲ್ಕು ಕಾಳು ರಾಗಿ ಬಾಯಿಗೆ ಹಾಕಿ ಕಡಿದಳು.

"ದೊಡ್ಡಸಿದ್ದಯ್ಯನ ಸೊಸೆಗೆ ಯೋಳು," ಎಂದಳು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ, "ರಾಗಿ ಇನ್ನೂ ಅಸಿ ಅದೆ. ಒಂದು ಬಿಸ್ಲು ಒಣಗ್ಸಿ ಕಳ್ಸಕೆ ಯೋಳು. ಬಾಕಿದು ಬೀಸಿ ಮಡಗಿರ್ತೀನಿ."