ಬಸ್ಸು ಹತ್ತಿ ಇಳಿಯುತ್ತಿದ್ದ ಅಕ್ಕೋರು

ಜೂನ್ ಬಂತೆಂದರೆ ಸುಮಿತ್ರಾ ಅಕ್ಕೋರು ಬೆಳಿಗ್ಗೆ ಬೆಳಿಗ್ಗೆಯೇ ಅಂಕೋಲೆಯ ಬಸ್ ನಿಲ್ದಾಣದಲ್ಲಿರುತ್ತಿದ್ದರು. ಗೋವಾ ಕಡೆಯ ಬಸ್ಸು ನಿಂತ ಕೂಡಲೇ ಒದ್ದೆ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿ, ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹಿಂದಿನ ಸೀಟಿನವರೆಗೂ ಹೋಗಿ, ಇಳಿದುಬಿಡುತ್ತಿದ್ದರು. ಕಂಡಕ್ಟರುಗಳಿಗೆ ಇದು ರೂಢಿಯಾಗಿತ್ತು. “ಅಕ್ಕೋರ ಚೆಕಿಂಗ್ ಆಯ್ತಾ? ರೈಟ್ ಹೇಳ್ಲಾ?” ಎಂದು ನಗುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ತಮ್ಮ ಶಾಲೆಯ ಹುಡುಗಿಯರನ್ನು. ಮಳೆ ಹಿಡಿಯುವ ಹೊತ್ತಿಗೆ ಕೂಲಿಯವರ ಮನೆಗಳಲ್ಲಿ ಅಕ್ಕಿ ತೀರುತ್ತಿತ್ತು. ಮಡಗಾಂವ್, ವಾಸ್ಕೋಗಳಲ್ಲಿ ಮನೆಗೆಲಸಕ್ಕೆಂದು ಹುಡುಗಿಯರು, ಕೆಲಸಕ್ಕೆ ಜನ ಹೊಂದಿಸುವ ಯಾವುದೋ ಮಾವಶಿಯ ಹಿಂದೆ ಹೊರಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಟ್ಟಿಕೇರಿಯಲ್ಲಿ ಮುಚ್ಚಿಹೋಗಿದ್ದ ಅಕ್ಕಿಗಿರಣಿಯೊಂದರಲ್ಲಿ ಅಕ್ಕೋರ ಶಾಲೆ. ಶಾಲೆ ಬಿಟ್ಟವರು, ಶಾಲೆಯೇ ಹೊರಗೆ ಹಾಕಿದವರು, ಎಲ್ಲ ವಯಸ್ಸಿನವರೂ ಒಂದೇ ಚಾಪೆಯ ಮೇಲೆ. ದೂರದ ಊರಿನ ಸಂಸ್ಥೆಯೊಂದು ನೆರವು ಕೊಡುತ್ತಿತ್ತು. ನಾನು ಹಣಕೋಣದವಳು, ಶಿಕ್ಷಕಿಯ ತರಬೇತಿ ಮುಗಿಸಿ ಸರ್ಕಾರಿ ನೌಕರಿಗೆ ಕಾಯುತ್ತಿದ್ದವಳು, ಗಣಿತ ಹೇಳಿಕೊಡಲು ಅಲ್ಲಿ ಸೇರಿದೆ. ಮೊದಲ ವಾರವೇ ಒಬ್ಬ ಹುಡುಗ ಸ್ಲೇಟು ಎಸೆದ. ಹಣೆ ಒಡೆದು ಅಳುತ್ತ ಕೂತಿದ್ದೆ. ಅಕ್ಕೋರು ಅರಿಶಿನ ಮೆತ್ತುತ್ತ ಹೇಳಿದರು: “ಅಳ್ಬೇಡ್ವೇ ತಂಗಿ. ಅದು ನಿನ್ಮೇಲಿನ ಸಿಟ್ಟಲ್ಲ. ಇಲ್ಲಿ ಹೊಡದ್ರೆ ಯಾರೂ ತಿರುಗಿ ಹೊಡೆಯೂದಿಲ್ಲ ಹೇಳಿ ಆ ಹುಡ್ಗಂಗೆ ಇವತ್ತು ಗೊತ್ತಾಯ್ತು.”

ಒಮ್ಮೆ ಬಸ್ಸಿನಲ್ಲಿ ಅವರಿಗೆ ನಾಗವೇಣಿ ಸಿಕ್ಕಿದಳು. ಓದಿನಲ್ಲಿ ನಮ್ಮಲ್ಲೇ ಚುರುಕಾದವಳು. ಮಾವಶಿಯ ಬೈಗುಳ ಲೆಕ್ಕಿಸದೆ ಅಕ್ಕೋರು ಅವಳ ಕೈಹಿಡಿದು ಇಳಿಸಿದರು. ಅವಳ ತಾಯಿ ಗದ್ದೆಯ ಕೆಸರು ಕಾಲಲ್ಲೇ ಶಾಲೆಗೆ ಬಂದಳು. “ನೀವು ಇಳಿಸ್ಕಂಡ್ರಿ. ಇನ್ನು ಮನೇಲಿ ಗಂಜಿ ಬೇಯೂದು ಹೆಂಗೆ?”

“ನಾಗೂ ನನ್ನ ಮನೇಲಿ ಉಣ್ಲಿ. ಇದೊಂದು ಪರೀಕ್ಷೆ ಆಗ್ಲಿ, ದಮ್ಮಯ್ಯ” ಎಂದರು ಅಕ್ಕೋರು. ತಾಯಿ ಗದ್ದೆಗೆ ತಿರುಗಿ ಹೋದಳು.

ಆ ಮಳೆಗಾಲ ನಾಗವೇಣಿ ಅಕ್ಕೋರ ಮನೆಯಲ್ಲೇ ಉಂಡು, ಅಲ್ಲೇ ಓದಿದಳು. ಅಕ್ಕೋರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಮತ್ತೆ ಕಾಣಲಿಲ್ಲ. ಚೌತಿಗೆಂದು ಮನೆಗೆ ಹೋದ ಹುಡುಗಿ ತಿರುಗಿ ಬರಲಿಲ್ಲ. ವಾಸ್ಕೋಗೆ ಹೋದಳೆಂದು ತಿಳಿಯಿತು. ಅಕ್ಕೋರು ನನ್ನನ್ನೂ ಕರೆದುಕೊಂಡು ಹೊರಟರು.

ಅವಳು ಕೆಲಸಕ್ಕಿದ್ದ ಮನೆಯ ಹಿತ್ತಿಲ ಬಾಗಿಲು ತೆಗೆದವಳು ನಾಗವೇಣಿಯೇ. ಯಾರದೋ ದೊಡ್ಡ ನೈಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

“ಬಾರೇ ಮಗಾ, ಹೋಗ್ವಾ.”

“ನಾ ಬರೂದಿಲ್ಲ ಅಕ್ಕೋರೆ.”

“ಯಾರು ಹೆದರಿಸ್ರು ನಿಂಗೆ?”

“ಯಾರೂ ಇಲ್ಲ. ನೀವು ನನ್ನ ಇಳಿಸ್ಕಂಡ್ರಿ ಅಲ್ದಾ, ಅದೇ ವಾರ ನನ್ನ ಬದ್ಲಿಗೆ ಶಾಂತಿನ್ನ ಇಲ್ಲಿಗೆ ಕಳಸ್ರು. ಬಸ್ಸಲ್ಲಾದ್ರೆ ನೀವು ನೋಡ್ತ್ರಿ ಹೇಳಿ ರೈಲಲ್ಲಿ.” ಶಾಂತಿ ಅವಳ ತಂಗಿ, ಒಂಬತ್ತು ವರ್ಷದ್ದು. “ಅಜ್ಜಿಮನೇಲಿ ಅದೆ ಹೇಳಿದ್ರು ನಂಗೆ. ಚೌತಿಗೆ ಅದೂ ಮನೆಗೆ ಬಂದಿತ್ತು, ಅದರ ಕೈ ನೋಡ್ದೆ. ಬಟ್ಟೆ ಒಗೆಯೂ ಸೋಡಾ ನೀರಲ್ಲಿ ಕೊಳ್ತು ಹೋಗಿತ್ತು. ಈಗ ನಾ ಬಂದ್ರೆ ಅದು ಮತ್ತೆ ಇಲ್ಲಿಗೇ ಬರ್ಬೇಕು.”

ಒಳಗಿನಿಂದ ಯಾರೋ ಕೊಂಕಣಿಯಲ್ಲಿ ಕೂಗಿದರು. ಅವಳು ಮೆಲ್ಲಗೆ ಬಾಗಿಲು ಹಾಕಿಕೊಂಡಳು. ತಿರುಗಿ ಬರುತ್ತ ಕಾಳಿ ನದಿಯ ಸೇತುವೆ ದಾಟುವಾಗ ನಾನು ಅಕ್ಕೋರ ಕೈ ಹಿಡಿಯಲು ಹೋದೆ, ಎಳೆದುಕೊಂಡರು.

ಶಾಂತಿಯನ್ನು ಅವರೇ ಹೋಗಿ ಶಾಲೆಗೆ ಕರೆತಂದರು. ಅದು ಬಾಗಿಲ ಪಕ್ಕವೇ ಕೂರುತ್ತಿತ್ತು. ಯಾರ ದನಿ ತುಸು ಏರಿದರೂ ಎದ್ದು ಪೊರಕೆ ಹುಡುಕಿ ಗುಡಿಸತೊಡಗುತ್ತಿತ್ತು. ನಾನು ಮಗ್ಗಿ ಹೇಳಿಸುತ್ತಿದ್ದರೂ ಅಷ್ಟೇ. ಅಕ್ಕೋರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದರು. ಬೆರಳು ತಿದ್ದುತ್ತಿತ್ತು, ಕಣ್ಣು ಬಾಗಿಲ ಮೇಲಿರುತ್ತಿತ್ತು. ‘ಶ’ ಕಲಿಯುವ ಮೊದಲೇ ನೆರವು ನಿಂತಿತು, ಶಾಲೆ ಮುಚ್ಚಿತು. ಮರು ವರ್ಷ ಶಾಂತಿಯೂ ವಾಸ್ಕೋಗೆ ಹೋಯಿತು. ಈ ಸಲ ಬಸ್ಸಿನಲ್ಲೇ ಹೋಯಿತಂತೆ. ಅಕ್ಕೋರು ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟಿದ್ದರು.

ಕಾರವಾರದ ಶಾಲೆಯಲ್ಲಿ ನನಗೆ ನೌಕರಿಯಾದ ಮೇಲೆ ಒಮ್ಮೆ ಅವರನ್ನು ನೋಡಲು ಹೋದೆ. ಸಕ್ಕರೆ ಕಾಯಿಲೆಗೆ ಕಾಲು ತೆಗೆದಿದ್ದರು. ಕಾಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನೀವು ಎಷ್ಟೋ ಮಕ್ಕಳನ್ನು ಉಳಿಸಿದಿರಿ ಎಂದೇನೋ ಶುರುಮಾಡಿದೆ. “ಸುಮ್ನಿರೇ” ಎಂದರು. ಆಮೇಲೆ ಕೇಳಿದರು: “ಹಾಜರಿ ಕರೆಯುವಾಗ ಒಂದು ಹುಡ್ಗಿ ಓ ಅನ್ನೂದಿಲ್ಲ. ಎಂತ ಮಾಡ್ತೆ?”

“ಮನೆಗೆ ಹೋಗ್ತೆ ಅಕ್ಕೋರೆ.”

“ಹೋಗು. ಹೋದಾಗ ಆ ಮನೇಲಿ ಇನ್ನೊಂದು ಹುಡ್ಗಿ ಇದ್ದದಾ ನೋಡು.”

ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ನಾನು ಮನೆಗಳಿಗೆ ಹೋಗುತ್ತೇನೆ. ಜಗುಲಿಯಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತ ತಂಗಿಯನ್ನೂ ನೋಡುತ್ತೇನೆ. ನೋಡಿದ ಮೇಲೆ ಏನು ಮಾಡಬೇಕೆಂದು ಅಕ್ಕೋರು ಹೇಳಿಹೋಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ.