ಸರಾಸರಿ ಸಾಹೇಬರು

ಆರೋಗ್ಯ ಇಲಾಖೆಯ ಅರ್ಥಶಾಸ್ತ್ರಜ್ಞರಿಗೆ ನಾವಿಟ್ಟ ಹೆಸರು ಸರಾಸರಿ ಸಾಹೇಬರು. ಯಾವ ಔಷಧಿಯ ಖರ್ಚಿಗೆ ಸಮರ್ಥನೆ ಇದೆ, ಯಾವುದನ್ನು ಸರ್ಕಾರ ಉಚಿತವಾಗಿ ಕೊಡಬಹುದೆಂದು ಲೆಕ್ಕ ಹಾಕುವುದು ಅವರ ಕೆಲಸ. ಕಂಡದ್ದಕ್ಕೆಲ್ಲ ಲೆಕ್ಕ ಹಾಕುವುದು ಅವರ ಚಾಳಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರೆ ಆಯುಷ್ಯ ನಾಲ್ಕು ನಿಮಿಷ ಹೆಚ್ಚುತ್ತದೆಂದು ಏದುಸಿರು ಬಿಡುತ್ತಲೇ ವಿವರಿಸಿ, ಆಮೇಲೆ ಐದು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ಹೆಂಡತಿ ಮಾತ್ರೆ ಕೊಟ್ಟರೆ, "ವಾರದಲ್ಲಿ ತಾನಾಗೇ ಹೋಗೋ ನೆಗಡಿಗೆ ಮಾತ್ರೆ ಯಾಕೆ? ಸಮರ್ಥನೆ ಇಲ್ಲ ಕಣೇ" ಎಂದು ಸೀನುತ್ತಾರೆ. "ಈ ಸೀನಿಗೆ ಇದೆಯೇನ್ರೀ ಸಮರ್ಥನೆ?" ಎಂದು ಆಕೆ ಟವೆಲ್ ಎಸೆಯುತ್ತಾರೆ. ತಮ್ಮ ಲೆಕ್ಕ ತಪ್ಪು ಎಂದವರ ಜೊತೆ ತಿಂಗಳುಗಟ್ಟಲೆ ಮಾತು ಬಿಡುವ ಮನುಷ್ಯ. ಅಂಥವರು ಮೊನ್ನೆ, ಒಂಬತ್ತು ಮಕ್ಕಳಿಗಷ್ಟೇ ಬೇಕಾದ ಅಪರೂಪದ ದುಬಾರಿ ಔಷಧಿಗೆ ತಮ್ಮದೇ ಲೆಕ್ಕ 'ಸಮರ್ಥನೆ ಇಲ್ಲ' ಎಂದಾಗ, ಹನ್ನೊಂದು ಸಲ ಕೂಡಿ ಕಳೆದು, ಕೊನೆಗೆ ಹಾಳೆಯನ್ನು ಟೈಪಿಸ್ಟ್ ಹುಡುಗಿಯ ಮುಂದಿಟ್ಟು ಮೆಲ್ಲಗೆ ಕೇಳಿದರು: "ಎಲ್ಲಾದ್ರೂ ಒಂದು ತಪ್ಪು ಹುಡುಕಿ ಕೊಡಮ್ಮ."