ತಾಯತದ ಅಂಚು ಬಲ್ಲ ಬುಪ್ಪಾ

ಭಿಕ್ಷುಗಳು ಪಾತ್ರೆ ಹಿಡಿದು ಹೊರಡುವ ಹೊತ್ತು. ಬ್ಯಾಂಕಾಕಿನ ನದಿ ದಂಡೆಯ ತಾಯತದ ಬೀದಿಯಲ್ಲಿ ಬುಪ್ಪಾ ಆಗಲೇ ಚಾಪೆ ಹಾಸಿ ಪ್ಲಾಸ್ಟಿಕ್ ತುಂಡನ್ನು ಅರದಿಂದ ಉಜ್ಜುತ್ತಿದ್ದಾರೆ. ಈಕೆಯ ವಯಸ್ಸು ಅರವತ್ತೆರಡು. ಹೆಬ್ಬೆರಳಿನ ಉಗುರು ಅರ್ಧ ಸವೆದಿದೆ. ಜನ ತಾಯತವೆಂದು ಕೊರಳಿಗೆ ಹಾಕುವ ಪುಟ್ಟ ಮಣ್ಣಿನ ಬುದ್ಧನಿಗೆ ಅಳತೆಗೆ ಸರಿಯಾಗಿ ಡಬ್ಬಿ ಮಾಡುವುದು ಇವರ ಕೆಲಸ. ದಿನಕ್ಕೆ ಮೂವತ್ತು ಡಬ್ಬಿಯಂತೆ ಮೂವತ್ತೊಂದು ವರ್ಷ ದುಡಿದಿದ್ದಾರೆ.

ಇಲ್ಲಿ ಬುದ್ಧನನ್ನು ಕೊಂಡೆ ಎನ್ನುವಂತಿಲ್ಲ, ಬಾಡಿಗೆಗೆ ಪಡೆದೆ ಎನ್ನಬೇಕು. ಇಷ್ಟು ಮರ್ಯಾದೆಯ ಬಾಯಿಗಳೇ ಬುಪ್ಪಾರನ್ನು "ಏ ಪ್ಲಾಸ್ಟಿಕ್" ಎಂದು ಕೂಗುತ್ತವೆ. ಪತ್ರಿಕೆಯಲ್ಲಿ ಫೋಟೊ ಬರುವುದು ಭೂತಗನ್ನಡಿ ಹಿಡಿದು ಅಸಲಿ, ನಕಲಿ ಹೇಳುವ ವ್ಯಾಪಾರಿಗಳದ್ದು.

"ಅವರು ಮುಖ ನೋಡ್ತಾರೆ, ನಾನು ಅಂಚು ನೋಡ್ತೀನಿ. ಒಂದರ ಅಂಚು ಇನ್ನೊಂದಕ್ಕಿರಲ್ಲ," ಎನ್ನುತ್ತಾರೆ ಬುಪ್ಪಾ.

ಹೋದ ತಿಂಗಳು ಬಾಳೆಹಣ್ಣು ಸುಟ್ಟು ಮಾರುವ ಲಮ್ಯೈ, ತೀರಿಹೋದ ಅಪ್ಪನ ತಾಯತಕ್ಕೆ ಬೆಲೆ ಕಟ್ಟಿಸಲು ಮೂಲೆಯಂಗಡಿಗೆ ಹೋಗಿದ್ದರು. ವ್ಯಾಪಾರಿ ಡಬ್ಬಿ ಬಿಚ್ಚಿ, ತಾಯತ ಒಳಗೊಯ್ದು, ನಕಲಿ ಎಂದು ಎರಡನ್ನೂ ವಾಪಸು ಕೈಗಿಟ್ಟ. ಮತ್ತೆ ಮುಚ್ಚಿಸಲು ಲಮ್ಯೈ ಬುಪ್ಪಾ ಬಳಿ ಬಂದರು. ಆ ಡಬ್ಬಿ ಹತ್ತೊಂಬತ್ತು ವರ್ಷದ ಹಿಂದೆ ಬುಪ್ಪಾ ತಾವೇ ಮಾಡಿದ್ದು. ಒಳಗಿಟ್ಟ ಬುದ್ಧ ಲೊಡಲೊಡ ಅಲುಗಾಡಿದ.

"ತಾಯಿ, ಇದು ನಿಮ್ಮಪ್ಪಂದಲ್ಲ. ಬದಲಾಯ್ಸಿಬಿಟ್ಟಿದಾನೆ," ಎಂದು ಬುಪ್ಪಾ ಎದ್ದು ಮೂಲೆಯಂಗಡಿಗೆ ನಡೆದೇಬಿಟ್ಟರು.

ವ್ಯಾಪಾರಿ ನಕ್ಕ. "ಪ್ಲಾಸ್ಟಿಕ್ ಕುಯ್ಯೋಳಿಗೆ ಬುದ್ಧನ ವಿಷಯ ಏನು ಗೊತ್ತು?"

"ಬುದ್ಧನ ವಿಷಯ ಗೊತ್ತಿಲ್ಲಪ್ಪ, ನನ್ನ ಡಬ್ಬಿ ವಿಷಯ ಗೊತ್ತು. ಒಳಗಿರೋವನ್ನೆಲ್ಲ ತಗೊಂಬಾ, ಒಂದೊಂದಾಗಿ ಕೂರಿಸಿ ನೋಡೋಣ."

ಜನ ಸೇರಿದರು. ಐದೇ ನಿಮಿಷಕ್ಕೆ, ಕೈತಪ್ಪಿ ಬೆರೆತುಹೋಗಿತ್ತು ಎಂಬ ಸಬೂಬಿನೊಂದಿಗೆ ಲಮ್ಯೈ ಅಪ್ಪನ ಬುದ್ಧ ಹೊರಬಂದ. ಡಬ್ಬಿಯಲ್ಲಿ ಕೂದಲೆಳೆಯಷ್ಟೂ ಅಲುಗದೆ ಕೂತ.

ಕದ್ದವನ ಅಂಗಡಿ ಇವತ್ತೂ ತೆರೆದಿದೆ. ಶಿಕ್ಷೆಯಾದದ್ದು ಬುಪ್ಪಾಗೆ. ಬೀದಿಯ ಮಾನ ಕಳೆದರಂತೆ! ವ್ಯಾಪಾರಿಗಳೆಲ್ಲ ಒಟ್ಟಾಗಿ ಇವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದಾರೆ. ಮೂವತ್ತು ಡಬ್ಬಿ ಹೋಗಿ ಈಗ ದಿನಕ್ಕೆ ನಾಲ್ಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಇಲ್ಲಿ ಬೇಲಿಗೇ ಸನ್ಮಾನ. ಕೊರಳ ತುಂಬ ಬುದ್ಧರನ್ನು ತೂಗಿಕೊಂಡ ಈ ಮಂದಿಗೆ ನಾಚಿಕೆಯಿಲ್ಲ ಎಂದು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಎಲ್ಲರೆದುರು ಕೈಮುಗಿದು ತಪ್ಪಾಯಿತು ಎಂದರೆ ಮತ್ತೆ ಕೆಲಸ ಕೊಡುತ್ತಾರಂತೆ. ಅನ್ನುತ್ತೀರಾ ಎಂದು ಕೇಳುತ್ತೇನೆ. ಬುಪ್ಪಾ ಅರ ನಿಲ್ಲಿಸುವುದಿಲ್ಲ.

"ಕಣ್ಣು ಕಾಣೋವರ್ಗೂ ಇಲ್ಲೇ ಕೂರಬೇಕು, ಅದೊಂದೇ ಆಸೆ. ನಾಲ್ಕಾದ್ರೆ ನಾಲ್ಕು. ಆ ಮೂಲೆಯಂಗಡಿಯವನು ದಿನಾ ಬಾಗಿಲು ತೆಗೆಯೋವಾಗ ಮೊದಲು ನನ್ನ ಮುಖ ನೋಡ್ಲಿ."